ಮಗಳಿಗೆ ಸಾರು ಬಿಡಿಸಿದ್ದು

ಮೊನ್ನೆ ನನ್ನ ಮೊಮ್ಮಗಳಿಗೆ ಮುದ್ದೆ ನುಂಗುವುದು ಬಂತು. ಅಗಿಯದೆ, ಕೆಮ್ಮದೆ, ತುತ್ತನ್ನು ಸಾರಿನಲ್ಲಿ ಹೊರಳಿಸಿ ಗುಳುಕ್ಕನೆ ಇಳಿಸಿಬಿಟ್ಟಳು. ಇಳಿಸಿದ್ದೇ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದಳು.

"ಖಾಲಿ ಅಜ್ಜೀ, ನೋಡು!"

ನಾನು ಆ ಪುಟ್ಟ ಬಾಯೊಳಗೆ ನೋಡಿದ್ದೂ ನೋಡಿದ್ದೇ. ಹಾಲು ತಕ್ಕೊಂಡು ಹೋಗಲು ಬಂದವರಿಗೆಲ್ಲ ಹೇಳಿದೆ. ಬೂದಿಕೋಟೆ ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅವನು, "ಎಲ್ಲಾ ಮಕ್ಳೂ ನುಂಗ್ತವೆ ಬುಡಮ್ಮ, ಚಿಲ್ಲರೆ ಕೊಡು" ಅಂದ. ಅವನಿಗೇನು ಗೊತ್ತು! ಈ ಮಗುವಿಗೂ ಸಾರಿಗೂ ಇರುವ ನಂಟು ಅವಳು ಹುಟ್ಟುವುದಕ್ಕೆ ಮೊದಲಿನದು.

ನಾನು ಓದಿದ್ದು ಮೂರನೇ ಕ್ಲಾಸು. ಇನ್ನು ಸ್ವಲ್ಪ ವರ್ಷ ಹೋದರೆ ಮೊಮ್ಮಗಳೇ ನನ್ನ ಅಕ್ಷರ ತಿದ್ದುತ್ತಾಳೆ. ಅದಕ್ಕೆ ಮುಂಚೆಯೇ ಇದನ್ನು ಬರೆದುಬಿಡಬೇಕು ಅಂತ ಕೂತಿದ್ದೇನೆ. ಸಂತೋಷ ಒಳಗೇ ಇಟ್ಟುಕೊಂಡರೆ ಉಕ್ಕಿದ ಹಾಲಿನ ಹಾಗೆ ಒಲೆಗೆ ದಂಡ.

ನಮ್ಮೂರು ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ದಾರಿಯಲ್ಲಿದೆ. ಹಸು ಸಾಕುವುದು, ರಾಗಿ ಬೆಳೆಯುವುದು, ಇವೆರಡೇ ನಮ್ಮ ಕಸುಬು. ನಮ್ಮ ಕಡೆ ಅನ್ನವೆಂದರೆ ಹಬ್ಬಕ್ಕೆ, ನೆಂಟರಿಗೆ, ಜ್ವರ ಬಂದವರಿಗೆ. ಉಳಿದಂತೆ ಮುದ್ದೆ. ಹಾಗಾಗಿ ಮಗಳಿಗೆ ಕೆಜಿಎಫ್‌ನಲ್ಲಿ ಗಂಡು ಗೊತ್ತಾದಾಗ, ಅವರ ಮನೆಯಲ್ಲಿ ಮೂರು ಹೊತ್ತೂ ಅನ್ನವಂತೆ ಎಂದು ಊರಿಗೆಲ್ಲ ಸಾರಿಕೊಂಡು ಬಂದವಳು ನಾನೇ. ಅಳಿಯನಿಗೆ ಅಲ್ಲಿಯ ನಂದಿದುರ್ಗ ಅನ್ನುವ ಚಿನ್ನದ ಗಣಿಯೊಳಗೆ ಕೆಲಸ. ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡ ಲೈನ್ ಮನೆಗಳಲ್ಲಿ ಅವರದೂ ಒಂದು. ಆ ಮನೆಯಲ್ಲಿ ಅಳಿಯ, ಅವನ ತಾಯಿ, ನನ್ನ ಮಗಳು, ಮೂವರೇ. ನನ್ನ ಬೀಗಿತ್ತಿಯ ಮನೆಮಾತು ತೆಲುಗು. ನನ್ನನ್ನು 'ವದಿನಾ' ಅನ್ನುತ್ತಾಳೆ, ಅಂದರೆ ಅತ್ತಿಗೆ. ಮನಸ್ಸು ಬೆಣ್ಣೆ, ಬಾಯಿ ಮಾತ್ರ ಹಸಿಮೆಣಸಿನಕಾಯಿ.

ಮಗಳು ಅನ್ನದ ಮನೆ ಸೇರಿದಳು. ಅನ್ನದ ಜೊತೆಗೆ ಅಲ್ಲಿ ಟೀ. ಬೆಳಿಗ್ಗೆ ಸೈರನ್ ಕೂಗಿದರೆ ಟೀ, ಅಳಿಯ ಪಾಳಿ ಮುಗಿಸಿ ಬಂದರೆ ಟೀ, ಪಕ್ಕದ ಮನೆಯವರು ಬಂದರೆ ಟೀ. ಟೀ ಜೊತೆಗೆ ಬನ್ನು, ಪದರಪದರದ ವರ್ಕಿ ಬಿಸ್ಕತ್ತು. ಸಕ್ಕರೆ ಎಷ್ಟು ಹಾಕುತ್ತಿದ್ದರೆಂದರೆ ಲೋಟದ ತಳದಲ್ಲಿ ಚಮಚ ನಿಂತುಕೊಳ್ಳಬೇಕು. ಮಗಳು ಸ್ವಲ್ಪ ಸ್ವಲ್ಪವೇ ತುಂಬಿಕೊಂಡಳು. ನನಗೆ ಸಂತೋಷವೇ ಆಯಿತು. ಹೆಣ್ಣುಮಗಳು ಗಂಡನ ಮನೆಯಲ್ಲಿ ಮೈ ಕೈ ತುಂಬಿಕೊಂಡರೆ ಯಾವ ತಾಯಿ ಬೇಡ ಅನ್ನುತ್ತಾಳೆ?

ಆದರೆ ಇನ್ನೊಂದು ವಿಷಯವಿತ್ತು. ಮೈನೆರೆದಾಗಿನಿಂದಲೂ ನನ್ನ ಮಗಳ ಮುಟ್ಟು ನಮ್ಮ ಸೀಮೆಯ ಮಳೆಯ ಹಾಗೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮದುವೆಯಾದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳಿದರು. ಮದುವೆಯಾದ ಮೇಲೆ ಇನ್ನೂ ಕೆಟ್ಟಿತು. ಒಂದು ಸಲ ನಿಂತರೆ ತಿಂಗಳುಗಟ್ಟಲೆ ಇಲ್ಲ. ಪ್ರತಿ ಸಲವೂ ಬೀಗಿತ್ತಿ ಕುಣಿದಾಡಿಕೊಂಡು ಮಾವಿನಕಾಯಿ ತರುತ್ತಿದ್ದಳು, ಲೈನಿನ ಹೆಂಗಸರು ನಲ್ಲಿಯ ಹತ್ತಿರ ಇವಳ ಬಿಂದಿಗೆ ತಾವೇ ಎತ್ತಿ ಕೊಡುತ್ತಿದ್ದರು. ಆಮೇಲೆ ಏನೂ ಇಲ್ಲ ಅಂತ ಗೊತ್ತಾಗುತ್ತಿತ್ತು. ಎತ್ತಿಕೊಟ್ಟ ಬಿಂದಿಗೆಗಳೇ ಅವಳಿಗೆ ಭಾರವಾದವು. ಬರಬರುತ್ತ ಹೆಂಗಸರು ಇಲ್ಲದ ಹೊತ್ತು ನೋಡಿ ನೀರಿಗೆ ಹೋಗತೊಡಗಿದಳು.

ಲೈನಿನಲ್ಲಿ ಎಲ್ಲರೂ ಡಾಕ್ಟರೇ. ಒಬ್ಬಳು ಎಳ್ಳುಂಡೆ ತಿನ್ನು ಅಂದಳು. ಇನ್ನೊಬ್ಬಳು ಪರಂಗಿ ಹಣ್ಣು ಅಂದಳು. ಮತ್ತೊಬ್ಬಳು, "ಮೈ ಬಂದಿರೋದೇ ಕಷ್ಟ, ಊಟ ಬುಟ್ಬುಡು" ಅಂದಳು. ಬಿಟ್ಟಳು. ಹಸಿದ ಹೊಟ್ಟೆಯಲ್ಲಿ ನಲ್ಲಿ ಹತ್ತಿರ ತಲೆ ತಿರುಗಿ ಬಿದ್ದಳು. ಬಿದ್ದದ್ದೇ ತಡ, ಲೈನಿಗೆ ಲೈನೇ "ಬಸುರಿ ಕಣೇ!" ಅಂದಿತು. ಬೀಗಿತ್ತಿ ಮತ್ತೆ ಮಾವಿನಕಾಯಿ ತಂದಳು.

ಆ ಸಲ ಅಳಿಯನೇ ಅವಳನ್ನು ನಮ್ಮೂರಿಗೆ ಕರೆದುಕೊಂಡು ಬಂದು ಬಿಟ್ಟುಹೋದ. "ಅತ್ತೆ, ಸ್ವಲ್ಪ ದಿವಸ ಇಲ್ಲೇ ಇರ್ಲಿ. ಅಲ್ಲಿ ಜನ ಜಾಸ್ತಿ" ಅಂದ. ಅಷ್ಟೇ ಅಂದದ್ದು. ಒಳ್ಳೆಯ ಹುಡುಗ. ಮಾತು ಕಮ್ಮಿ.

ಒಂದು ಮಧ್ಯಾಹ್ನ ಮಗಳು ಹಿತ್ತಲಲ್ಲಿ ಬೆನ್ನು ಮಾಡಿ ಕೂತಿದ್ದಳು. ಅವರಪ್ಪನ ಬ್ಲೇಡು ಅವಳ ಕೈಯಲ್ಲಿತ್ತು. ನಾನು ಓಡಿದೆ. ಹತ್ತಿರ ಹೋಗಿ ನೋಡಿದರೆ ಗದ್ದದ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು, ಅದನ್ನು ತೆಗೆಯುತ್ತಿದ್ದಾಳೆ. ನನ್ನನ್ನು ಕಂಡು ಸೆರಗು ಎಳೆದುಕೊಂಡಳು.

"ಯಾವಾಗಿಂದ್ಲೇ ಇದು?"

"ಬುಡಮ್ಮ."

ನಾನು ಪಕ್ಕದಲ್ಲಿ ಕೂತೆ. ಅವಳು ನೆಲ ನೋಡಿಕೊಂಡೇ ಹೇಳಿದಳು: "ಅಮ್ಮಾ, ಮಗು ಆಮೇಲಿನ ಮಾತು. ನಾನೂ ಎಲ್ರಂಗೆ ತಿಂಗಳು ತಿಂಗಳು ಹೊರಗೆ ಕೂತ್ಕೋಬೇಕು. ಅಷ್ಟಾದ್ರೂ ಆಗ್ಲಿ."

ನಮ್ಮ ಕಡೆ ಮುಟ್ಟಾದವರನ್ನು ಹೊರಗೆ ಕೂರಿಸುತ್ತಾರೆ. ಹರಿದ ಚಾಪೆ, ಬೇರೆ ತಟ್ಟೆ, ಮೂಲೆ. ಆ ಮೂಲೆಯನ್ನು ಬೈದುಕೊಳ್ಳದ ಹೆಂಗಸನ್ನು ನಾನು ನೋಡಿರಲಿಲ್ಲ. ನನ್ನ ಮಗಳು ಅದನ್ನು ವರ ಕೇಳುವ ಹಾಗೆ ಕೇಳಿದಳು. ಮಾರನೇ ದಿನವೇ ಅವಳ ಕೈ ಹಿಡಿದುಕೊಂಡು ಹೊರಟೆ.

ಬಂಗಾರಪೇಟೆಯಲ್ಲಿ ಮಾರಿಕುಪ್ಪದ ರೈಲು ಹತ್ತಿ ಕೆಜಿಎಫ್‌ನ ಒಂದು ಆಸ್ಪತ್ರೆಗೆ ಹೋದೆವು. ಅಲ್ಲೊಬ್ಬ ಲೇಡಿ ಡಾಕ್ಟರು. ಅವರು ಬರೆದುಕೊಟ್ಟ ಹಾಗೆ ಕೋಲಾರಕ್ಕೆ ಹೋಗಿ ಸ್ಕ್ಯಾನು ಮಾಡಿಸಿದೆವು. ಹೊಟ್ಟೆಗೆ ಗಂಜಿಯಂಥದ್ದೇನೋ ಬಳಿದು ಟೀವಿಯಲ್ಲಿ ನೋಡಿದರು. ನಮ್ಮೂರಿಗೆ ಟೀವಿ ಬಂದು ಇನ್ನೂ ಹೊಸತು. ಒಳಗಿನದನ್ನೂ ಅದು ತೋರಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಸ್ಕ್ಯಾನಿನ ಚೀಟಿ ತಂದು ತೋರಿಸಿದಾಗ ಡಾಕ್ಟರಮ್ಮ, "ಮೊಟ್ಟೆ ಚೀಲದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಇದೆ. ತುಂಬಾ ಜನಕ್ಕೆ ಇರತ್ತೆ. ಭಯ ಬೇಡ" ಅಂದರು. ಮಾತ್ರೆ ಬರೆದರು. ಊಟದ ವಿಷಯ ಪಕ್ಕದಲ್ಲಿದ್ದ ಆಯಾಗೆ ತಮಿಳಿನಲ್ಲಿ ಪಟಪಟನೆ ಹೇಳಿ, "ಇವರಿಗೆ ಬಿಡಿಸಿ ಹೇಳಮ್ಮ" ಅಂದರು. ಹೊರಗೆ ಜನ ತುಂಬಿತ್ತು, ಪಾಪ.

ಮಗಳು ಇನ್ನೂ ಒಳಗೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಆಯಾ ನನ್ನನ್ನು ಬಾಗಿಲ ಹತ್ತಿರ ಕರೆದಳು. ದಪ್ಪ ಹೆಂಗಸು, ದೊಡ್ಡ ಕುಂಕುಮ, ದೊಡ್ಡ ಗಂಟಲು. ಅರ್ಧ ಕನ್ನಡ, ಅರ್ಧ ತಮಿಳು.

"ಇಂಗ ವಾಮ್ಮಾ. ಕೇಳ್ಕೋ. ನಿನ್ ಪೊಣ್ಣುಗೆ ಸೋರು ಕಮ್ಮಿ ಮಾಡು. ಮೂರು ಹೊತ್ತೂ ಸೋರು ಸೋರು ಅಂತ ಆಕ್ಬೇಡ. ಸಕ್ಕರೆ ನಿಲ್ಸು. ಕೀರೆ ಚೆನ್ನಾಗಿ ಕೊಡು. ದಿನಾ ನಡೀಬೇಕು. ಆಯ್ತಾ?"

"ಆಯ್ತಮ್ಮ" ಅಂದೆ. ಅಕ್ಷರ ಕಮ್ಮಿಯಾದರೂ ಕಿವಿ ಚುರುಕು ಅಂತ ನನ್ನ ಹೆಮ್ಮೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ. ಸಾರು ಕಮ್ಮಿ. ಸಕ್ಕರೆ ಬೇಡ. ಕೀರೆ ಸೊಪ್ಪು ಜಾಸ್ತಿ.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಹಸುವಿನ ಮೈ ಉಜ್ಜುತ್ತಿದ್ದವರು ಕೈ ನಿಲ್ಲಿಸಿದರು.

"ಸಾರು ಕಮ್ಮಿನಾ? ಸಾರು ಏನು ಮಾಡ್ತೇ ಅವಳಿಗೆ?"

"ನೀರುಗುಳ್ಳೆ ಅಂತೆ ಕಣ್ರೀ. ಸಾರೂ ನೀರೇ ತಾನೆ? ನೀರಿಗೆ ನೀರು ಸೇರಿ ಊದ್ಕೊಂತವೆ."

ಅವರು ಹಸುವಿನ ಮುಖ ನೋಡಿದರು. ಹಸು ಅವರ ಮುಖ ನೋಡಿತು.

ಕಮ್ಮಿ ಅಂದರೆ ಪೂರ್ತಿ ಬಿಡಿಸಿದರೆ ಇನ್ನೂ ಒಳ್ಳೆಯದಲ್ಲವೇ ಅಂತ ನಾನು ಸಾರನ್ನೇ ನಿಲ್ಲಿಸಿದೆ. ಸಾರು ನಿಂತರೆ ಮುದ್ದೆಯೂ ನಿಂತ ಹಾಗೆ. ಸಾರಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುತ್ತದೆಯೇ? ಹಾಗಾಗಿ ಅವಳಿಗೆ ಅನ್ನ. ಕೆರೆ ಹಿಂದಿನ ಗದ್ದೆಯಲ್ಲಿ ಬೆಳೆದು ಹಬ್ಬಕ್ಕೆಂದು ಇಟ್ಟಿದ್ದ ಭತ್ತವನ್ನು ಕುಟ್ಟಿಸಿದೆ. ಬೆಳಿಗ್ಗೆ ಹಾಲನ್ನ. ಸಕ್ಕರೆ ಬೇಡ ಅಂದಿದ್ದರು, ಬೆಲ್ಲ ಬೇಡ ಅಂದಿರಲಿಲ್ಲವಲ್ಲ, ಬೆಲ್ಲ ಹಾಕಿದೆ. ಮಧ್ಯಾಹ್ನ ಗಟ್ಟಿ ಮೊಸರನ್ನ. ರಾತ್ರಿ ತುಪ್ಪದನ್ನ, ಉಪ್ಪಿನಕಾಯಿ. ಮೂರು ಹೊತ್ತೂ ಪಕ್ಕಕ್ಕೆ ಕೀರೆ ಸೊಪ್ಪಿನ ಪಲ್ಯ. ದಂಟು ಬೇಡ, ನುಗ್ಗೆ ಬೇಡ, ಡಾಕ್ಟರಮ್ಮ ಹೆಸರು ಹಿಡಿದು ಹೇಳಿದ್ದು ಕೀರೆಯನ್ನೇ. ಊರಲ್ಲಿ ಯಾರ ಹಿತ್ತಲಲ್ಲೂ ಕೀರೆ ಉಳಿಯದ ಹಾಗೆ ಕಿತ್ತು ತಂದೆ.

ಇದೆಲ್ಲ ನಡೆದದ್ದು ದಸರೆಯಿಂದ ಸಂಕ್ರಾಂತಿಯವರೆಗೆ. ಅವರೆಕಾಯಿ ಕಾಲ! ಬಂಗಾರಪೇಟೆ ಸುತ್ತಿನವರಿಗೆ ಹೇಳಬೇಕಾಗಿಲ್ಲ. ಊರಿಗೂರೇ ಅವರೆಕಾಯಿ ಸೊಗಡು. ಎಲ್ಲರ ಮನೆಯಲ್ಲೂ ಹಿತಿಕಿದ ಬೇಳೆ ಸಾರು ಕುದಿಯುತ್ತಿದೆ, ನನ್ನ ಮಗಳ ಮುಂದೆ ಮೊಸರನ್ನ. ಒಂದು ಸಂಜೆ ಅವಳು ತಡೆಯಲಾರದೆ ಅಡುಗೆಮನೆಗೆ ಬಂದು ಸೌಟಿನ ಹಿಂಬದಿಗೆ ಅಂಟಿದ್ದನ್ನು ನೆಕ್ಕಿದಳು. ನಾನು ಕೈ ಮೇಲೆ ಒಂದು ಬಿಟ್ಟೆ.

"ಒಂದ್ ತೊಟ್ಟಮ್ಮ!"

"ಒಂದ್ ತೊಟ್ಟೂ ಇಲ್ಲ. ಮೊದ್ಲು ಹೊರಗೆ ಕೂತ್ಕೋ, ಆಮೇಲೆ ಸಾರು."

ಅವಳಪ್ಪ ಜಗುಲಿಯಿಂದ ಕೂಗಿದರು: "ಲೇ, ಸೌಟು ನೆಕ್ಕಿದ್ರೆ ಗುಳ್ಳೆ ಒಡೆದೋಗಲ್ಲ ಬುಡೇ!"

ಯಜಮಾನರಿಗೆ ಮೊದಲಿನಿಂದಲೂ ಅನುಮಾನ. ಒಂದು ದಿನ ಮಗಳು ಅಂಗಳ ದಾಟುವುದನ್ನು ನೋಡಿ ಮೆಲ್ಲಗೆ ಅಂದರು: "ದನದ ಡಾಕ್ಟರು ಏನಂತಾರೆ ಗೊತ್ತಾ? ಅಸುಗೆ ಕೊಬ್ಬು ಜಾಸ್ತಿ ಆದ್ರೆ ಗಬ್ಬ ನಿಲ್ಲಲ್ಲ ಅಂತಾರೆ."

"ನನ್ ಮಗಳೇನು ಅಸುನಾ?"

"ನಾನೆಲ್ಲಂದೆ? ಅಸುಗೆ ಅಂದೆ."

ಎರಡು ದಿನ ನಾನು ಅವರಿಗೆ ಕರೆದು ಬಡಿಸಲಿಲ್ಲ. ಅವರೇ ಬಡಿಸಿಕೊಂಡರು, ಸಾರು ಸಮೇತ.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ಮಗಳು ತೂಕದ ಮಿಷನ್ ಹತ್ತಿದಳು. ಮುಳ್ಳು ಬಲಕ್ಕೆ ವಾಲಿತು. ಡಾಕ್ಟರಮ್ಮ ಅದನ್ನು ನೋಡಿದರು, ಹಳೆಯ ಚೀಟಿ ನೋಡಿದರು, ಮಗಳನ್ನು ನೋಡಿದರು.

"ಊಟದ ಪಥ್ಯ ಮಾಡ್ತಿದ್ದಾಳಾ?"

ನನಗೆ ಬೇಕಾಗಿದ್ದ ಪ್ರಶ್ನೆ ಅದೇ. ಸೊಂಟ ನೆಟ್ಟಗೆ ಮಾಡಿ ಹೇಳಿದೆ: "ಮಾಡ್ತಿದ್ದಾಳಾ ಅಂತೀರಾ ತಾಯೀ! ದಸರೆಯಿಂದ ಒಂದ್ ತೊಟ್ಟು ಸಾರು ನಾಲಿಗೆಗೆ ಮುಟ್ಸಿಲ್ಲ. ಅವರೆಕಾಯಿ ಕಾಲದಾಗೂ ಮುಟ್ಸಿಲ್ಲ!"

"ಸಾರಾ?" ಅಂದರು ಡಾಕ್ಟರಮ್ಮ. "ಮತ್ತೆ ಏನು ತಿಂತಾಳೆ?"

"ಅನ್ನ ತಾಯಿ. ಮೂರು ಹೊತ್ತೂ ಬರೀ ಅನ್ನ. ಹಾಲು, ಬೆಲ್ಲ, ತುಪ್ಪ. ಒಂದು ದಿನವೂ ತಪ್ಪಿಸಿಲ್ಲ."

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಆಯಾ ಹಣೆ ಚಚ್ಚಿಕೊಂಡಳು.

"ಅಯ್ಯೋ ಕಡವುಳೇ! ನಾನ್ ಏಳಿದ್ದು ಸೋರು! ಸಾರಿಲ್ಲಮ್ಮಾ, ಸೋರು! ಸೋರು ಅಂದ್ರೆ ಅನ್ನ! ಈಯಮ್ಮ ಅನ್ನ ಆಕಿ ಕೊಳಂಬು ನಿಲ್ಸಿಬಿಟ್ಟಿದೆ!"

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೋಪ ಬಂತು ಅಂದುಕೊಂಡೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಆಯಾ ಗೋಡೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗಳ ಕಡೆ ತಿರುಗಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡು ಸೆರಗು ಎಳೆದೆ. ಅವಳೂ ನಗುತ್ತಿದ್ದಳು! ಎಷ್ಟು ಕಾಲವಾಗಿತ್ತು ಆ ಹಲ್ಲು ಕಂಡು.

"ಲೈನ್‌ನಲ್ಲಿ ತಮಿಳ್ರ ಬಾಯಲ್ಲಿ ದಿನಾ ಸೋರು ಸೋರು ಅಂತ ಕೇಳ್ತೀನಮ್ಮ. ನಂಗೊಂದ್ ಮಾತು ಏಳಿದ್ರೆ ಆಗ್ತಿತ್ತಲ್ಲ! ಡಾಕ್ಟ್ರು ಸಾರು ಅಂದವ್ರೆ ಅಂತ ನೀನೇ ಅಂದ್ಮೇಲೆ ನಾನೇನ್ ಮಾಡ್ಲಿ?"

ಆ ದಿನ ಡಾಕ್ಟರಮ್ಮ ಹೊರಗಿನ ಜನವನ್ನು ಕಾಯಿಸಿ, ಮಗಳನ್ನು ಎದುರು ಕೂರಿಸಿಕೊಂಡು ತಾವೇ ಹೇಳಿದರು. ಮೊದಲು ಹೇಳಿದ್ದು, ಇದು ನೀನು ಮಾಡಿಕೊಂಡದ್ದಲ್ಲ, ಕೆಲವರ ಮೈಗುಣವೇ ಹೀಗೆ ಅಂತ. ರಾಶಿ ಅನ್ನ, ಸಕ್ಕರೆ, ಬೆಲ್ಲ, ಬನ್ನು ಈ ಮೈಗೆ ಆಗಿಬರುವುದಿಲ್ಲ. ಕಾಳು, ತರಕಾರಿ, ಮೊಟ್ಟೆ, ಎಲ್ಲಾ ಥರದ ಸೊಪ್ಪು ಬೇಕು. ತಮಿಳಿನಲ್ಲಿ ಕೀರೆ ಅಂದರೆ ಯಾವ ಸೊಪ್ಪಾದರೂ ಆಗುತ್ತದಂತೆ. ನಾನು ಊರಿನ ಕೀರೆಯನ್ನೆಲ್ಲ ಸುಮ್ಮನೆ ಬೋಳಿಸಿದ್ದೆ! ರಾಗಿ ಒಳ್ಳೆಯದು, ಆದರೆ ಮುದ್ದೆ ತೆಂಗಿನಕಾಯಿ ಗಾತ್ರ ಬೇಡ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಸಾಕು. ಉಪವಾಸ ಬೀಳಬಾರದು. ಮಾತ್ರೆ ಬಿಡಬಾರದು. ಕಾಲು ನೋಯುವಷ್ಟು ನಡೆಯಬೇಕು.

"ಒಬ್ಬೊಬ್ಬರಿಗೆ ಒಂದೊಂದು ಥರ ಕೆಲಸ ಮಾಡತ್ತೆ" ಅಂದರು. "ಅವಸರ ಬೇಡ. ಮುಖ್ಯ, ನಿನ್ನ ಬಾಯಿಗೆ ರುಚಿಸೋದನ್ನೇ ಆರಿಸ್ಕೋ. ಜನ್ಮವಿಡೀ ತಿನ್ನಬೇಕಲ್ವಾ? ಏನು ಇಷ್ಟ ನಿಂಗೆ?"

ಮಗಳು ಹಿಂದೆ ಮುಂದೆ ನೋಡಲಿಲ್ಲ. "ಸಾರು" ಅಂದಳು.

ಮನೆಗೆ ಬಂದು ಹೇಳಿದಾಗ ಯಜಮಾನರು ನಗಲಿಲ್ಲ. ಹಸುವಿನ ಬೆನ್ನು ತಟ್ಟಿ, "ಕೇಳುಸ್ಕೊಂಡ್ಯಾ?" ಅಂತ ಅದಕ್ಕೆ ಹೇಳಿದರು. ಆ ರಾತ್ರಿ ಮಗಳ ತಟ್ಟೆಯಲ್ಲಿ ಪುಟ್ಟ ಮುದ್ದೆ, ಸುತ್ತ ಕೆರೆಯಂತೆ ಹಿತಿಕಿದ ಬೇಳೆ ಸಾರು. ಕೆನ್ನೆಯವರೆಗೆ ಸಾರು ಮಾಡಿಕೊಂಡು ಉಂಡಳು.

ಪಥ್ಯ ಆರಿಸಿಕೊಂಡದ್ದೇನೋ ಆಯಿತು, ಅದನ್ನು ಅನ್ನದ ಮನೆಯಲ್ಲಿ ನಡೆಸುವುದು ಹೇಗೆ? ನಾನು ರಾಗಿಹಿಟ್ಟಿನ ಚೀಲ, ಹುರುಳಿಕಾಳು, ಮುದ್ದೆ ತೊಳಸುವ ಕೋಲು ಹಿಡಿದುಕೊಂಡು ಮಗಳ ಜೊತೆ ರೈಲು ಹತ್ತಿದೆ. ಎದುರು ಕೂತಿದ್ದ ಮುದುಕ ಕೋಲು ನೋಡಿ, "ಯಾರಿಗಮ್ಮ ಒಡೆಯಕ್ಕೆ ಓಗ್ತಿದ್ದೀಯ?" ಅಂತ ಕೇಳಿದ.

"ಬೀಗಿತ್ತಿಗೆ" ಅಂದೆ.

"ನನ್ ಲೆಕ್ಕದಾಗೂ ಒಂದು ಕೊಡು" ಅಂದ.

ಲೈನ್ ಮನೆಯಲ್ಲಿ ಬೀಗಿತ್ತಿ ಕೋಲು ನೋಡಿದಳು, ಚೀಲ ನೋಡಿದಳು, ಮುಖ ಸಿಂಡರಿಸಿದಳು. "ಏಂ ವದಿನಾ ಇದಿ? ಸಂಗಟಿ ತಿನ್ನೋ ಆಗಿದ್ರೆ ನಾನು ಪಲ್ಲೆಲೇ ಇರ್ತಿದ್ದೆ, ಈ ಊರಿಗ್ಯಾಕೆ ಬರ್ತಿದ್ದೆ? ಸೊಸೆಗೆ ಅನ್ನ ಆಕಕ್ಕೂ ಗತಿ ಇಲ್ಲ ಅಂತಾರೆ ಲೈನ್‌ನಲ್ಲಿ." ಸಂಗಟಿ ಅಂದರೆ ತೆಲುಗಿನವರ ಮುದ್ದೆ, ಪಲ್ಲೆ ಅಂದರೆ ಹಳ್ಳಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಹೇಳಿದಳು. "ಅತ್ತೆ, ಜನ ಏನಾದ್ರೂ ಅನ್ಲಿ. ನಲ್ಲಿ ಹತ್ರ ಅವ್ರ ಬಾಯಿಗೆ ಬಿದ್ದು ಸಾಕಾಗದೆ. ನಂಗೆ ಮಾತ್ರ ಒಂದ್ ಪುಟ್ಟ ಪಾತ್ರೇಲಿ ಮಾಡ್ಕೊಂತೀನಿ. ಡಾಕ್ಟ್ರಿಗೆ ಮಾತು ಕೊಟ್ಟಿದ್ದೀನಿ."

ಅವಳು ಅತ್ತೆಯ ಎದುರು ಅಷ್ಟು ಮಾತಾಡಿದ್ದು ಅದೇ ಮೊದಲು. ಆಮೇಲೆ ನಾನು ಮಾತಾಡಿಸುತ್ತ ಮಾತಾಡಿಸುತ್ತ ಸಾರು ಸೋರಿನ ಕಥೆ ಹೇಳಿದೆ, ನನ್ನ ಮಾನ ನಾನೇ ಕಳೆದುಕೊಂಡು. ಬೀಗಿತ್ತಿ ನಕ್ಕು ನಕ್ಕು ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕಳು. ಮಾರನೇ ದಿನಕ್ಕೆ ಲೈನಿನ ಕೊನೆಯ ಮನೆಗೂ ಆ ಕಥೆ ಗೊತ್ತಿತ್ತು. ಒಂದು ಲಾಭವಾಯಿತು. ನಲ್ಲಿಯ ಹತ್ತಿರ ಎಲ್ಲರೂ ನನ್ನನ್ನು ಆಡಿಕೊಂಡು ನಗುವುದರಲ್ಲಿ ಮಗಳ ಹೊಟ್ಟೆಯ ವಿಚಾರ ಮರೆತರು.

ಸಂಜೆ ನಾನು ಒಲೆಯ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದೆ. ಬೀಗಿತ್ತಿ ಹಿಂದೆ ನಿಂತು ನೋಡುತ್ತಿದ್ದಳು. "ಗಂಟಾಗ್ತದೆ" ಅಂದಳು. "ಆಗಲ್ಲ" ಅಂದೆ. "ಆಗೋಯ್ತು, ಎದ್ದೇಳು" ಅಂತ ಕೋಲು ಕಿತ್ತುಕೊಂಡು, ಪಾತ್ರೆಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು ತೊಳಸಿದಳು ನೋಡಿ! ಗಣಿಯ ಊರಿಗೆ ಬಂದು ಎಷ್ಟು ವರ್ಷವಾದರೂ ಕೈ ಮರೆತಿರಲಿಲ್ಲ. ಅವರಮ್ಮನ ಸಂಗಟಿ ನೆನಪಾಗಿ ಅವಳ ಕಣ್ಣು ತೇವವಾಯಿತು. ತಾನೂ ಒಂದು ಮುದ್ದೆ ಉಂಡಳು. ಅಂದಿನಿಂದ ಆ ಮನೆಯಲ್ಲಿ ರಾತ್ರಿಗೆ ಸಂಗಟಿ.

ಒಂದೇ ತಕರಾರು. ಅವರ ಕಡೆಯ ಸಂಗಟಿಗೆ ಅಕ್ಕಿ ನುಚ್ಚು ಬೇಯಿಸಿ ಸೇರಿಸುತ್ತಾರೆ. ನಾನು ಆ ಪಾತ್ರೆಗೆ ಕೈ ಅಡ್ಡ ಇಟ್ಟೆ. "ಸೋರು ಕಮ್ಮಿ, ವದಿನಾ!"

"ಈಗ ಚೆನ್ನಾಗಿ ಕಲ್ತ್ಕೊಂಡೆ!" ಅಂತ ಕೋಲಿನಲ್ಲೇ ನನ್ನ ಕೈಗೆ ಬಿಟ್ಟಳು.

ಟೀಗೆ ಸಕ್ಕರೆ ನಿಂತಿತು. ಹೆಂಡತಿಗೆ ಜೊತೆಯಾಗಿ ಅಳಿಯನೂ ಬಿಟ್ಟ. ಕ್ಯಾಂಟೀನಿನಲ್ಲಿ ಬನ್ನು ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಇರಲಿ, ಗಣಿಯೊಳಗೆ ಇಳಿಯುವ ಮೈ. ಅವನ ಪಾಳಿ ಬೆಳಗಿನದಾದಾಗ ಸಂಜೆ ಇಬ್ಬರೂ ಗಣಿಯ ಮಣ್ಣು ಸುರಿದು ಸುರಿದು ಗುಡ್ಡವಾದ ಸೈನೈಡ್ ದಿಬ್ಬದ ಕಡೆಗೆ ನಡೆದುಹೋಗುತ್ತಿದ್ದರು. ಗಂಡ ಹೆಂಡತಿ ದಿನವೂ ಜೊತೆಯಾಗಿ ನಡೆಯುವುದು ಲೈನಿನಲ್ಲಿ ಹೊಸದು. "ಏನ್ ಹೊಸ ಜೋಡಿ, ಸಿನಿಮಾಗಾ?" ಅಂತ ಜಗುಲಿಗಳಿಂದ ಕೂಗುತ್ತಿದ್ದರಂತೆ. ಮಗಳು ನಾಚಿಕೊಂಡು ಇನ್ನೂ ಜೋರಾಗಿ ನಡೆಯುತ್ತಿದ್ದಳು. ಡಾಕ್ಟರಮ್ಮನಿಗೂ ಅದೇ ಬೇಕಾಗಿತ್ತು.

ಬೇಸಿಗೆ ಬಂತು, ಹೋಯಿತು. ಮಗಳು ಸ್ವಲ್ಪ ಇಳಿದಳು. ಗದ್ದದ ಕೂದಲು ಪೂರ್ತಿ ಹೋಗಲಿಲ್ಲ. ಮುಟ್ಟಿನ ಸುದ್ದಿಯೂ ಇಲ್ಲ. ನಾನು ಹಾಲು ಕರೆಯುವಾಗಲೆಲ್ಲ ಅದನ್ನೇ ಯೋಚಿಸುತ್ತಿದ್ದೆ. ಹೀಗಿರುವಾಗ ರಾಗಿ ಬಿತ್ತನೆಯ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಅಳಿಯ ಒಬ್ಬನೇ ಬಂದ. ಬೆವರುತ್ತಿದ್ದ. ಜಗುಲಿಯ ಕಂಬ ಹಿಡಿದುಕೊಂಡು ನಿಂತ.

"ಅತ್ತೆ... ಅವಳು... ಹೊರಗೆ ಕೂತವಳೆ."

ನನ್ನ ಕೈಯಲ್ಲಿದ್ದ ಮೊರ ಬಿತ್ತು. "ಹೊರಗಾ? ಯಾರು ಹೊರಗಾಕಿದ್ದು ನನ್ ಮಗಳ್ನ? ನಿಮ್ಮಮ್ಮನಾ? ಎಲ್ಲಿ ನನ್ ಕೋಲು?"

ಅವನು ಕೆಂಪಗಾದ. ಅತ್ತೆಯ ಎದುರು ಆ ಮಾತು ಬಿಡಿಸಿ ಹೇಳುವುದು ಹೇಗೆ, ಪಾಪ! ನಮ್ಮ ಯಜಮಾನರು ಒಳಗಿನಿಂದ ಕೂಗಿದರು: "ಲೇ, ಹೊರಗೆ ಕೂತವಳೆ ಕಣೇ! ಮೂಲೇಲಿ! ಚಾಪೆ ಮ್ಯಾಲೆ!"

ಆಗ ಅರ್ಥವಾಯಿತು. ನಾನು ಅಳಿಯನ ಕೆನ್ನೆಯನ್ನೇ ಸವರಿ ದೃಷ್ಟಿ ತೆಗೆದುಬಿಟ್ಟೆ. ಅವನು ಹೆದರಿ ಎರಡು ಹೆಜ್ಜೆ ಹಿಂದಕ್ಕೆ ಹೋದ.

ಊರಿಗೆಲ್ಲ ಏನಾದರೂ ಹಂಚಬೇಕು ಅನ್ನಿಸಿತು. ಸಿಹಿ ಹಂಚಲು ಮನಸ್ಸು ಒಪ್ಪಲಿಲ್ಲ, ಸಿಹಿಯ ಮೇಲೆ ನನಗೆ ಆಗ ಅಷ್ಟು ಕೋಪ. ಹುರುಳಿಕಾಳು ಬೇಯಿಸಿ ಒಗ್ಗರಣೆ ಹಾಕಿ ಗುಗ್ಗರಿ ಮಾಡಿ ಮನೆಮನೆಗೂ ಕೊಟ್ಟೆ. "ಏನಕ್ಕಾ ವಿಶೇಷ?" ಅಂದರು. ಮಗಳು ಮುಟ್ಟಾದಳು ಅಂತ ಗುಗ್ಗರಿ ಹಂಚಿದವರು ಹಿಂದೆ ಇಲ್ಲ, ಮುಂದೆ ಇಲ್ಲ. "ಅಸು ಕರು ಆಕ್ತು" ಅಂದುಬಿಟ್ಟೆ. ಸಂಜೆ ಮೂವರು ಗಿಣ್ಣುಹಾಲು ಕೇಳಿಕೊಂಡು ಪಾತ್ರೆ ಹಿಡಿದು ಬಂದರು. ಯಜಮಾನರು ಅವರಿಗೆ ಏನು ಹೇಳಿ ಕಳಿಸಿದರೋ, ನಾನು ಹಿತ್ತಲಲ್ಲಿ ಅಡಗಿದ್ದೆ.

ಆಮೇಲೆ ಒಂದು ತಿಂಗಳು ಮುಂದೆ ಹೋಯಿತು, ಮತ್ತೆ ಬಂತು, ಬರಬರುತ್ತ ಒಂದು ಹದಕ್ಕೆ ಬಂತು. ಅವರೆಕಾಯಿ ಕಾಲವನ್ನು ಮಗಳು ಮನಸಾರೆ ಉಂಡಳು. ಸಾಕಪ್ಪ, ಗೆದ್ದೆವು ಅಂದುಕೊಳ್ಳುತ್ತಿದ್ದ ಹಾಗೇ ಮತ್ತೆ ನಿಂತಿತು.

ಮೊದಲ ಬಸ್ಸಿಗೇ ಹೊರಟೆ. ಲೈನ್ ಮನೆಯ ಬಾಗಿಲಲ್ಲೇ ಶುರುಮಾಡಿದೆ.

"ಬನ್ನು ತಿಂದ್ಯಾ?"

"ಇಲ್ಲಮ್ಮ."

"ವರ್ಕಿ?"

"ಇಲ್ಲಾಮ್ಮೋ!"

"ಮತ್ತೆ ಯಾಕೆ ನಿಂತೋಯ್ತು? ನಿಜ ಏಳು, ಕದ್ದು ಸೋರು ಉಂಡ್ಯಾ?"

ಬೀಗಿತ್ತಿ ಒಳಗಿನಿಂದ ಬಂದಳು. ಈ ಸಲ ಅವಳ ಕೈಯಲ್ಲಿ ಮಾವಿನಕಾಯಿ ಇರಲಿಲ್ಲ. ತರಲು ಹೆದರಿದ್ದಳು. ಮೆಲ್ಲಗೆ ಅಂದಳು: "ವದಿನಾ, ಬೆಳಿಗ್ಗೆ ಅವಳಿಗೆ ಒಗ್ಗರಣೆ ವಾಸನೆ ಆಗ್ತಿಲ್ಲ. ನಾನೇನೂ ಏಳಲ್ಲ. ನಡಿ, ಆಸ್ಪತ್ರೆಗೆ ಓಗೋಣ."

ಮೂವರೂ ನಡೆದೆವು. ಡಾಕ್ಟರಮ್ಮ ಮಗಳನ್ನು ಒಳಗೆ ಕರೆದುಕೊಂಡರು. ನಾವು ಬೀಗಿತ್ತಿಯರು ಹೊರಗೆ ಬೆಂಚಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅದೇ ಆಯಾ. ನನ್ನ ಹತ್ತಿರ ಬಂದು, ಕಿವುಡರಿಗೆ ಹೇಳುವ ಹಾಗೆ ಕಿವಿಯ ಪಕ್ಕದಲ್ಲೇ ಬಾಯಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಕೂಗಿದಳು.

"ಬ-ಸು-ರಿ! ಸರಿಯಾಗಿ ಕೇಳಿಸ್ತಾ? ಬಸುರಿ! ಬೇರೆ ಏನೂ ಇಲ್ಲ!"

ಆಸ್ಪತ್ರೆಗೆ ಆಸ್ಪತ್ರೆಯೇ ತಿರುಗಿ ನೋಡಿತು. ಬೀಗಿತ್ತಿ ಅಲ್ಲೇ ಕೂತು ಅತ್ತಳು. ಮಗಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, "ಕದ್ದು ಸೋರು ಉಂಡಿರಲಿಲ್ಲಮ್ಮ" ಅಂದಳು.

ಆ ಪಥ್ಯದಿಂದಲೇ ಆಯಿತೋ, ಮಾತ್ರೆಯಿಂದ ಆಯಿತೋ, ಸಂಜೆಯ ನಡಿಗೆಯಿಂದಲೋ, ನಾನು ಹೇಳಲಾರೆ. ಡಾಕ್ಟರಮ್ಮನೂ ಒಂದನ್ನೇ ಹಿಡಿದು ಹೇಳಲಿಲ್ಲ. ಮಗಳು ಇವತ್ತಿಗೂ ಹಾಗೇ ಉಣ್ಣುತ್ತಾಳೆ. ಬಿಟ್ಟರೆ ಮೈ ಮತ್ತೆ ಮುನಿಸಿಕೊಳ್ಳುತ್ತದೆ. ಆದರೆ ಹೆಣ್ಣುಮಗು ಹುಟ್ಟಿತು. ಕಪ್ಪು ಕೂದಲು, ಬೀಗಿತ್ತಿಯ ಗಂಟಲು. ಎತ್ತಿಕೊಂಡಾಗ ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು.

ಮಗುವಿಗೆ ಅನ್ನ ಮುಟ್ಟಿಸುವ ಶಾಸ್ತ್ರಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದರು. ಆಯಾಳನ್ನೂ ಹೇಳಿಕಳಿಸಿ ಕರೆಸಿದ್ದೆ. ಬೀಗಿತ್ತಿ ಬೆಳ್ಳಿ ಬಟ್ಟಲಲ್ಲಿ ಮೆತ್ತಗೆ ಕಿವುಚಿದ ಅನ್ನ ತಂದಳು. ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಅಜ್ಜಿ ಮೊದ್ಲು" ಅಂದಳು. ಎಲ್ಲರೂ ನನ್ನನ್ನೇ ನೋಡಿದರು. ಆಯಾ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. ನಾನು ಬಟ್ಟಲನ್ನು ಪಕ್ಕಕ್ಕಿಟ್ಟೆ. ಒಲೆಯ ಮೇಲೆ, ಸಾರಿಗೆ ಖಾರ ಹಾಕುವ ಮೊದಲೇ ತೆಗೆದಿಟ್ಟಿದ್ದ ಬೇಳೆ ಕಟ್ಟು ಇತ್ತು. ಅದರಲ್ಲಿ ಬೆರಳು ಅದ್ದಿ ಮಗುವಿನ ತುಟಿಗೆ ಮುಟ್ಟಿಸಿದೆ. ಚಪ್ಪರಿಸಿತು! ಇನ್ನೂ ಬೇಕು ಅಂತ ಬಾಯಿ ತೆರೆಯಿತು.

"ಮೊದ್ಲು ಸಾರು" ಅಂದೆ. "ಸೋರು ಆಮ್ಯಾಲೆ."